ಮೂವತ್ತಮೂರು, ನಲವತ್ತೈದು

ಬರ್ಸ್ಲೆಮ್ಮಿನ ಪಿಂಗಾಣಿ ಕಾರ್ಖಾನೆಯಲ್ಲಿ ನನ್ನ ಕೆಲಸ
ಹಸಿ ಕಪ್ಪುಗಳಿಗೆ ಹಿಡಿಕೆ ಅಂಟಿಸುವುದು.
ದಿನಕ್ಕೆ ಎಪ್ಪತ್ತು ಡಜನ್.
ತಿಳಿಗೆಸರಲ್ಲಿ ಅದ್ದು, ಒತ್ತು, ಒದ್ದೆ ಸ್ಪಂಜಿನಿಂದ ಸವರು,
ಹಲಗೆಗೆ ಸರಿಸು.
ಸಂಜೆಗೆ ಬೆರಳ ತುದಿಗಳು ನೆನೆದ ಅವರೆಕಾಳು:
ಹಿತುಕಿದರೆ ಸಿಪ್ಪೆ ಬಿಟ್ಟೀತು.

ಅಂಥ ಬೆರಳಿಗೆ ಬೇಕಾಗಿತ್ತು ಬೇಸ್ ಗಿಟಾರು!
ನಾಲ್ಕೇ ತಂತಿ, ಒಂದೊಂದೂ ಬಾವಿಹಗ್ಗ.
ಹಾನ್ಲಿಯ ಗಿರವಿ ಅಂಗಡಿ, ಮೂವತ್ತೆಂಟು ಪೌಂಡು,
ಕುತ್ತಿಗೆಯ ತುದಿಯಲ್ಲಿ ಯಾರದೋ ಹಲ್ಲಿನ ಗುರುತು.
ಯಾಕೆಂದು ನಾನು ಕೇಳಲಿಲ್ಲ,
ಅಂಗಡಿಯವನು ಹೇಳಲಿಲ್ಲ.

ಬ್ಯಾಂಡಿನವರು ನಾಲ್ವರು,
ಎದ್ದು ನಿಂತ ಕೂದಲು, ಅಪ್ಪಂದಿರ ಮದುವೆಯ ಕೋಟು.
ಪತ್ರಿಕೆಯ ನಡುಹಾಳೆಯಿಂದ ಕಿತ್ತ ಪೋಸ್ಟರಿನ ಅರ್ಧ
ಹಾಡುವವನ ಕೆನ್ನೆಯೆಲುಬೇ.
ಬೇಸಿನವನ ಮೂಗಿನ ಮೇಲೆ ಸ್ಟೇಪಲ್ ಪಿನ್ನಿನ ತೂತು.
ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವರ ಮಾತುಗಳು;
ನನಗೆ ಬೇಕಿದ್ದದ್ದು
ಆ ಮಾತುಗಳ ಕೆಳಗೆ ನಡೆದು ಹೋಗುತ್ತಿದ್ದದ್ದು.

ಆದರೆ ನನ್ನ ಹಳೆಯ ಪ್ಲೇಯರಿನಲ್ಲಿ ಅದು
ಮುಂದಿನ ಬೀದಿಯಲ್ಲಿ ಲಾರಿ ಹೋದ ಹಾಗೆ, ಬರೀ ಗುಂಯ್.
ಚಿಕ್ಕಪ್ಪನ ಮಗ ಡೆರಿಕ್ ಉಪಾಯ ಹೇಳಿದ:
"ಮೂವತ್ತಮೂರರ ರೆಕಾರ್ಡು ನಲವತ್ತೈದಕ್ಕೆ ಓಡಿಸು,
ಮಣ್ಣೊಳಗಿನ ಗೆಡ್ಡೆ ತಾನಾಗಿ ಮೇಲೆ ಬರುತ್ತೆ."
ಬಂತು.
ಹಾಡುವವನು ಅಳಿಲಾದ, ಡ್ರಮ್ಮು ಹೊಲಿಗೆ ಯಂತ್ರ,
ಆದರೆ ಬೇಸು, ಒಂದೊಂದೇ ಸ್ವರ,
ಎಣಿಸಿ ಜೇಬಿಗೆ ಹಾಕಿಕೊಳ್ಳುವಷ್ಟು ಬಿಡಿಬಿಡಿ.

ಹನ್ನೊಂದು ವಾರ. ಎರಡನೆಯ ಮಗ್ಗುಲು, ಮೂರನೆಯ ಹಾಡು.
ಮುಳ್ಳು ಎತ್ತು, ಇಡು, ಎತ್ತು.
ಅಷ್ಟು ಜಾಗದಲ್ಲಿ ರೆಕಾರ್ಡು ಬೂದಿಬಣ್ಣಕ್ಕೆ ತಿರುಗಿತು.
ತೆಳು ತಂತಿ ಮೂರರಲ್ಲೇ ಮುಗಿಯುತ್ತಿತ್ತು ಎಲ್ಲ;
ನಾಲ್ಕನೆಯದು, ಎಲ್ಲಕ್ಕೂ ದಪ್ಪ,
ತುಕ್ಕು ಹಿಡಿಯುತ್ತ ಸುಮ್ಮನಿತ್ತು.

ಪಕ್ಕದ ಮನೆಯ ಮಿಸೆಸ್ ಟ್ಯಾಟ್ಲಾಕ್
ಬೆಂಕಿಸಲಾಕೆಯಿಂದ ಗೋಡೆ ಬಡಿಯುತ್ತಿದ್ದಳು.
ನಲವತ್ತು ವರ್ಷ ಬೆತೆಲ್ ಚಾಪೆಲಿನ ಆರ್ಗನ್ ನುಡಿಸಿದವಳು,
ಚಾಪೆಲು ಜಮಖಾನೆ ಮಾರುವ ಗೋದಾಮಾಗುವ ತನಕ.
ಒಂದು ಭಾನುವಾರ ಬಂದೇಬಿಟ್ಟಳು,
ರಾತ್ರಿಯುಡುಪಿನ ಮೇಲೆ ಕೋಟು, ಕಾಲಲ್ಲಿ ಉಣ್ಣೆಯ ಚಪ್ಪಲಿ.
ನಾಲಗೆಯ ತುದಿಯಲ್ಲಿ ಕ್ಷಮೆ ಇಟ್ಟುಕೊಂಡೇ ಬಾಗಿಲು ತೆಗೆದೆ.
"ಆ ಹುಡುಗರಿಗೇನು ರೈಲು ತಪ್ಪಿಹೋಗ್ತಿದೆಯೇ?"
ಎಂದು ಕೇಳಿ, ಬಗ್ಗಿ,
ಪ್ಲೇಯರಿನ ಸಣ್ಣ ಕೀಲಿಯನ್ನು ಮೂವತ್ತಮೂರಕ್ಕೆ ತಳ್ಳಿದಳು.

ಎಷ್ಟು ನಿಧಾನ!
ನಾನು ಕಲಿತದ್ದು ಓಟ.
ಇದು, ಪಾಳಿ ಮುಗಿಸಿ
ಮನೆ ಸೇರುವ ಮನಸ್ಸಿಲ್ಲದವನೊಬ್ಬನ ನಡಿಗೆ.
ಹಾಡುವವನಿಗೂ ಒಂದು ಗಂಟಲಿತ್ತು, ಅದರಲ್ಲೊಂದು ಗಾಯ.
ನನ್ನ ಬೆರಳು ಮಾತ್ರ
ಐದು ಮೆಟ್ಟಿಲು ಮೇಲೆ, ಬೇರೆ ಯಾವುದೋ ಮನೆಯ ಮುಂದೆ.
ಹನ್ನೊಂದು ವಾರ ಬಾಯಿಪಾಠ ಮಾಡಿದ್ದೆ
ಇಲ್ಲದ ಊರಿನ ದಾರಿ.

ಅವಳು ನನ್ನ ಎಡಗೈ ನೋಡಿದಳು.
ಅಂಥ ವಾದ್ಯ ಮುಟ್ಟಿದವಳಲ್ಲ.
"ಬೆರಳು ಹಾಗೇ ಇರಲಿ. ಒಂದು ತಂತಿ ದಪ್ಪಕ್ಕೆ ಬಾ."

ಬಂದೆ.
ಕೂದಲೆಳೆಯಷ್ಟು ಶ್ರುತಿ ಸಡಿಲಿಸಿದೆ, ಕೂಡಿತು.
ತುಕ್ಕಿನ ತಂತಿ ಒದರಿಕೊಂಡು ಎದ್ದಿತು,
ಅಡುಗೆಮನೆಯ ಚಮಚೆಗಳು ಗಲಗಲ ಅಂದವು.
ಮಿಸೆಸ್ ಟ್ಯಾಟ್ಲಾಕಳ ಚಪ್ಪಲಿಗಳು
ಲಿನೋಲಿಯಮ್ಮಿನ ಮೇಲೆ, ಹಿಮ್ಮಡಿ, ಬೆರಳು, ಹಿಮ್ಮಡಿ,
ಅಲ್ಲಿರದ ಪೆಡಲುಗಳನ್ನು ಹುಡುಕುತ್ತಿದ್ದವು.
ಚಹಾ ಕುಡಿದಳು, ಹಾಡು ಚೆನ್ನಾಗಿದೆ ಅನ್ನಲಿಲ್ಲ.
ಹೊರಡುವಾಗ ಅಂದಳು:
"ಅವನು ಸುಮ್ಮನಿದ್ದ ಕಡೆ ನೀನೂ ಸುಮ್ಮನಿರು, ಡಕ್."

ಆ ರಾತ್ರಿ ಆಂಪ್ಲಿಫೈಯರ್ ಆರಿಸಿ
ಕತ್ತಲಲ್ಲಿ ನುಡಿಸುತ್ತ, ಕೇಳದೆ, ತಡೆಯದೆ,
ಗಿಟಾರಿನ ಕುತ್ತಿಗೆ ಕಚ್ಚಿದೆ.
ದವಡೆಯೊಳಗೆ ಇಡೀ ಹಾಡು!
ಹಲ್ಲಿನ ಗುರುತು ಯಾಕೆಂದು ಗೊತ್ತಾಯಿತು.
ನನ್ನ ಹಲ್ಲು ಅದರಲ್ಲಿ ಸರಿಯಾಗಿ ಕೂರಲಿಲ್ಲ.
ಅದಕ್ಕಿಂತ ದೊಡ್ಡ ಬಾಯಿ ಅದು.

ಮುಂದಿನ ವಾರ ನಾನು ಅಂಟಿಸಿದ ಹಿಡಿಕೆಗಳಲ್ಲಿ
ಎರಡು ಡಜನ್ ಸೊಟ್ಟ. ಮೇಸ್ತ್ರಿ ರೇಗಿದ,
ಅರ್ಧ ಬೆಲೆಯ ಕಪಾಟಿಗೆ ಹಾಕಿಸಿದ.
ಯಾರ ಮನೆಯಲ್ಲಾದರೂ
ಹಿಡಿಕೆ ತುಸು ಎಡಕ್ಕೆ ವಾಲಿದ ಕಪ್ಪೊಂದು ಇನ್ನೂ ಇದ್ದರೆ
ನಿಧಾನ ಕುಡಿಯಿರಿ.