ನೂರು ಕೋಳಿಗೆ ಒಂದು ಸೀಸೆ

ಬಂಗಾರಮ್ಮನ ಬುಟ್ಟಿಯಿಂದ ಒಂಬತ್ತು ಮೊಟ್ಟೆ ಎಣಿಸಿ ತಂದೆ.
ಬೆಸ ಇರಬೇಕು, ಎಂದಿದ್ದಳು,
ಸಮ ಆಯ್ತೆಂದರೆ ಕೋಳಿ ಕಾವು ಬಿಟ್ಟು ಎದ್ದು ಹೋಗುತ್ತದೆ.
ಗುಡುಗಿಗೆ ಕೆಡದಿರಲೆಂದು ಗೂಡಿನಡಿ
ಒಂದು ತುಂಡು ಇದ್ದಲು, ತುಕ್ಕು ಹಿಡಿದ ಒಂದು ಮೊಳೆ.
ನಾನು ಬಿ.ಎಸ್ಸಿ. ಓದಿದವಳು.
ಮೊಳೆ ಎರಡು ಇಟ್ಟೆ.

ಇಪ್ಪತ್ತೊಂದು ದಿನ ಆ ಕರಿ ಹೇಂಟೆ
ಬೆಚ್ಚಗಿನ ಸಿಟ್ಟಾಗಿ ಕೂತಿತ್ತು.
ಹತ್ತನೇ ರಾತ್ರಿ ಒಂದು ಮೊಟ್ಟೆ ಕದ್ದು
ಮೊಬೈಲ್ ಬೆಳಕಿಗೆ ಹಿಡಿದೆ:
ಒಳಗೆ ಕೆಂಪು ದಾರ, ದಾರದ ತುದಿಯಲ್ಲಿ
ಒಂದು ಪೂರ್ಣವಿರಾಮ ಅಲುಗುತ್ತಿತ್ತು.

ಕಾಲೇಜಿನ ಲ್ಯಾಬ್ ಕೆಲಸ ಹೋದ ವರ್ಷ ಅದು.
ಉಳಿದಿದ್ದ ಪ್ರಾಕ್ಟಿಕಲ್ ಪುಸ್ತಕದಲ್ಲಿ
ಗೆರೆಯಿದ್ದ ಬದಿಗೆ ಲೆಕ್ಕ, ಗೆರೆಯಿಲ್ಲದ ಬದಿಗೆ ಪಿಳ್ಳೆಗಳ ಚಿತ್ರ.
ಮೊದಲ ಪುಟದಲ್ಲಿ ಸ್ಕೇಲು ಇಟ್ಟು ಅಡಿಗೆರೆ ಎಳೆದಿದ್ದೆ:
ಇನ್ನು ಅಂಗಡಿಯಿಂದ ಉಪ್ಪು, ಬೆಂಕಿಪೊಟ್ಟಣ. ಅಷ್ಟೇ.
ಯಾರ ಹಂಗೂ ಬೇಡ.

ಏಳು ಒಡೆದವು. ಒಂದನ್ನು ಹದ್ದು ಒಯ್ದಿತು,
ಒಂದು ಬಚ್ಚಲ ಬಕೆಟ್ಟಿಗೆ ಬಿತ್ತು,
ಮತ್ತೊಂದರದು ಬೆಳಗ್ಗೆ ರೆಕ್ಕೆ ಮಾತ್ರ ಇತ್ತು.
ಮುಂಗುಸಿ ಎಂದ ಗುತ್ಯಪ್ಪ, ಪುನುಗು ಎಂದಳು ಜೈತೂನ್‌ಬಿ,
ನಾನು 'ಇತರೆ' ಎಂದು ಬರೆದುಕೊಂಡೆ.

ಒಡೆದ ಮಡಕೆಗೆ ಸಗಣಿ ತುಂಬಿ
ಬೇಲಿ ಬುಡದಲ್ಲಿ ಬೋರಲು ಹಾಕಿದರೆ
ಎರಡು ರಾತ್ರಿಗೆ ಒರಲೆ ಹತ್ತುತ್ತದೆ,
ಎತ್ತಿದ್ದೇ ತಡ ಪಿಳ್ಳೆಗಳಿಗೆ ಮದುವೆಮನೆ.
ಬಾಗಿಲ ಚೌಕಟ್ಟು ತಿನ್ನುವ ಹುಳ
ನನ್ನ ಮಗಳ ಆಮ್ಲೆಟ್ಟಾಗುವ ದಾರಿ
ಯಾವ ಸಿಲೆಬಸ್ಸಿನಲ್ಲೂ ಇರಲಿಲ್ಲ.

ಹುಂಜ ಹೆಚ್ಚಾದವು. ಒಂದನ್ನು ಕೊಯ್ಯಲೇಬೇಕಿತ್ತು.
ಕಾಲು ಹಿಡಿದವಳು ನಾನು, ಕತ್ತಿ ಜೈತೂನ್‌ಬಿಯ ಗಂಡನದು.
ಅದರ ಬಿಸಿ ನನ್ನ ಅಂಗೈ ಬಿಡಲು
ಅಕ್ಕಿ ಅಳೆದು ತೊಳೆಯುವಷ್ಟು ಹೊತ್ತು ಹಿಡಿಯಿತು.
ಲ್ಯಾಬಿನಲ್ಲಿ ಎಷ್ಟು ಕಪ್ಪೆ ಕೊಯ್ಯಿಸಿದ್ದೇನೋ,
ಯಾವುದಕ್ಕೂ ಮೆಣಸು ಹುರಿದವಳಲ್ಲ.
ಕಡುಬು ಸಾರಿಗೆ ಅದ್ದುತ್ತ ಮಗಳು ಕೇಳಿದಳು:
ಇದು ಯಾರು?
ಹೇಳಿದೆ. ತಟ್ಟೆ ನೋಡುತ್ತ ತುಸು ಹೊತ್ತು ಕೂತವಳು
ಇನ್ನೊಂದು ಸೌಟು ಹಾಕು ಎಂದಳು.

ಆಮೇಲೆ ಸಂತೆ ಬೀದಿಗೆ ಕೊಕ್ಕರೆ ರೋಗ ಬಂತು.
ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ
ಒಂದೊಂದೇ ಗೂಡು ಖಾಲಿ.
ಸೊರಬದ ಪಶು ಆಸ್ಪತ್ರೆ ಕಿಟಕಿಯಲ್ಲಿ ಕಾಂಪೌಂಡರ್ ಕೇಳಿದ:
ಎಷ್ಟು ಕೋಳಿ?
ಹನ್ನೊಂದು.
ಸೀಸೆ ಇರುವುದೇ ನೂರು ಕೋಳಿಗೆ, ಅಮ್ಮ.
ಒಡೆದು ಕಲಸಿದ ಮೇಲೆ ಎರಡೇ ತಾಸು,
ಆಮೇಲೆ ಅದು ಬರೀ ನೀರು.
ಉಳಿದ ಎಂಬತ್ತೊಂಬತ್ತನ್ನು ನೀವೇ ಹುಡುಕಿಕೊಳ್ಳಿ.

ಐಸು ತುಂಬಿದ ಚಹಾ ಫ್ಲಾಸ್ಕು ಕಂಕುಳಲ್ಲಿ.
ಎರಡು ವರ್ಷ ಮಾತು ಬಿಟ್ಟವರ ಬಾಗಿಲನ್ನೂ ಬಡಿದೆ.
ಮುಸ್ಸಂಜೆ, ಕೋಳಿಗಳೆಲ್ಲ ಗೂಡು ಸೇರಿದ ಹೊತ್ತು.
ಬಂಗಾರಮ್ಮನ ಮೂವತ್ತು,
ಜೈತೂನ್‌ಬಿಯ ಹದಿನಾಲ್ಕು,
ಫಿಲೋಮಿನಾ ಟೀಚರ್ ಮನೆಯ ಬೋಳು ಕತ್ತಿನವು,
ಗುತ್ಯಪ್ಪ ಅಟ್ಟದಿಂದ ಇಳಿಸಿದ, ಯಾರಿಗೂ ತೋರಿಸದ
ಅಂಕದ ಹುಂಜ.
ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆಯುವ ದಾಕ್ಷಾಯಣಮ್ಮನ ಮೊಮ್ಮಗ
ಸೌದೆ ರಾಶಿ ಹಿಂದಿನಿಂದ
ಅಂಗಿಯೊಳಗೆ ಒಂದನ್ನು ತಂದು ಪಿಸುಗುಟ್ಟಿದ:
ಇದಕ್ಕೂ, ಅಕ್ಕ. ಅಜ್ಜಿಗೆ ಹೇಳಬೇಡಿ.
ಟಾರ್ಚು ಹಿಡಿದು ನಿಂತಿದ್ದವಳು ಆ ಅಜ್ಜಿಯೇ.
ಆಚೆ ಮುಖ ಮಾಡಿ ಬೆಳಕನ್ನು ಸರಿಯಾಗಿ ಬಿಟ್ಟಳು.

ರೆಕ್ಕೆ ಬಿಡಿಸಿ, ತೆಳು ಚರ್ಮ ಎತ್ತಿ, ಸೂಜಿ.
ರೆಕ್ಕೆ, ಚರ್ಮ, ಸೂಜಿ.
ಎಷ್ಟೋ ತಿಂಗಳ ಮೇಲೆ
ನನ್ನ ಬೆರಳಿಗೆ ಅದರ ಕೆಲಸ ನೆನಪಾಯಿತು.
ತೊಂಬತ್ತಾರಕ್ಕೆ ನಿಂತಿತು. ನಾಲ್ಕು ಡೋಸು ಉಳಿಯಿತು.

ನಮ್ಮ ಓಣಿಯಲ್ಲಿ ಐದು ಸತ್ತವು. ಐದೇ.

ಮಳೆ ಹಿಡಿಯುವ ಮುಂಚೆ
ಪುಸ್ತಕದ ಮೊದಲ ಪುಟ ಹರಿದು ಮೊಟ್ಟೆ ಸುತ್ತಿಕೊಂಡು
ಬಂಗಾರಮ್ಮನಿಗೆ ಕೊಡಲು ಹೋದೆ.
ಒಂಬತ್ತಕ್ಕೆ ಒಂದು ಸೇರಿಸಿ ಹತ್ತು.
ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.
ಸಮ ಆಯ್ತಲ್ಲ ಮಾರಾಯ್ತಿ, ಎಂದು
ಒಂದನ್ನು ತೆಗೆದು ನನ್ನ ಸೆರಗಿಗೇ ಹಾಕಿದಳು.