ಗುರುವಾರದ ಮನೆ

ಭಾನುವಾರ ರಾತ್ರಿಯೇ ಬರೆದಿಡಬೇಕು.
ಸೋಮವಾರ ಐದಕ್ಕೆಲ್ಲ ಬಾಗಿಲು ತಳ್ಳಿಕೊಂಡು ಬರುತ್ತಾರೆ,
ಬೂಟಿನ ಕೆಸರು ಗೋಣಿಗೆ ಒರೆಸಿ,
ಕಾಫಿಗೂ ಮೊದಲು ಹಲಗೆಯ ಕಡೆ ಕತ್ತೆತ್ತುತ್ತಾರೆ.
ಪಶ್ಚಿಮ ನೆಬ್ರಾಸ್ಕಾದ ಒಂದು ಗೋಧಿ ಗೋದಾಮು,
ಅದರ ಲೆಕ್ಕದ ಕೋಣೆ,
ಏಳು ಮನೆ ಗೀಚಿದ ಕರಿಹಲಗೆ.
ಸೀಮೆಸುಣ್ಣ ನನ್ನದು, ಹವಾಮಾನ ನನ್ನದಲ್ಲ.
ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ,
ಯಾರೂ ಒಪ್ಪಿಲ್ಲ.

ಸೋಮವಾರ: ಬಿಸಿಲು, ಗಾಳಿ.
ಗಾಳಿ ಬಂದಾಗ ತೂರಿಕೊಳ್ಳುವ ಮಾತು ಇಲ್ಲಿ ನಡೆಯದು,
ಅದು ಬಂದೇ ಇರುತ್ತದೆ.
ನಿಂತ ದಿನ ನಾಯಿ ಎದ್ದು ಕೂತು
ಯಾರೋ ಹೋದರೆಂದು ಬೊಗಳುತ್ತದೆ.

ಮಂಗಳವಾರ ಅಂಗಿ ಕಳಚುವಷ್ಟು ಸೆಕೆ.
ಕೆಳಗೆ ಗೆರೆ ಎಳೆದು ಬರೆದೆ:
ಕಸ ಸುಡಬೇಡಿ, ಬೇಲಿ ಹತ್ತಿರ ವೆಲ್ಡಿಂಗ್ ಬೇಡ,
ಹೋದ ವರ್ಷದ ಹುಲ್ಲು ಕಿಡಿಗೆ ಕಾದಿದೆ.
ಬುಧವಾರ ಹಿಮ, ಆರು ಅಂಗುಲ.
ಹೌದು, ಅದೇ ವಾರ. ಇಲ್ಲ, ನಾನು ಕುಡಿದಿಲ್ಲ.

ಗುರುವಾರ ಮಾತ್ರ ನಿಲ್ಲಲೊಲ್ಲದು.
ಸಂಜೆ ಏಳಕ್ಕೆ ಗುಡುಗು ಅಂದರು, ಬರೆದೆ.
ಒಂಬತ್ತಕ್ಕೆ ಆಲಿಕಲ್ಲು ಅಂದರು, ಅಳಿಸಿ ಬರೆದೆ.
ಹತ್ತೂವರೆಗೆ, ಮೂವತ್ತು ಪ್ರತಿಶತ ತುಂತುರು.
ಮಲಗುವ ಮುಂಚೆ ಫೋನು ಮಾಡಿದೆ,
ಅದೂ ಖಾತ್ರಿಯಿಲ್ಲ ಅಂದರು.
ತೋಳಿನಿಂದ ಒರೆಸಿ ದೀಪ ಆರಿಸಿದೆ.

ಬೆಳಿಗ್ಗೆ ಆ ಮನೆಯಲ್ಲಿ
ಸುಣ್ಣದ ಒಂದು ಬಿಳಿ ಮಬ್ಬು ಉಳಿದಿತ್ತು.
ಮೋಡವೋ ಅದು? ಕೇಳಿದಳು ಎಲ್ನೋರಾ ಶ್ಲೇಗರ್.
ಮೂವತ್ತು ಪ್ರತಿಶತ ಇತ್ತು, ಅಳಿಸಿದೆ ಅಂದೆ.
ಮೂವತ್ತು ಯಾರ ಪಾಲಿಗೆ? ನನಗೋ,
ರಸ್ತೆ ಆಚೆಯ ಮೈದುನನಿಗೋ?
ಅವನಿಗೆ ಎಪ್ಪತ್ತು ಕೊಟ್ಟರೆ
ನಾನು ಚರ್ಚಿನಲ್ಲಿ ಬೇರೆ ಬೆಂಚು ಹಿಡಿಯುತ್ತೇನೆ.

ಮೈಲೋ ವರ್ಬ್ಕಾ ನಗಲಿಲ್ಲ.
ಬಿತ್ತುವ ಯಂತ್ರಕ್ಕೆ ಮಾರ್ಚಿನಿಂದ ಗ್ರೀಸು ಹಚ್ಚುತ್ತಿದ್ದಾನೆ,
ಹಚ್ಚಲು ಇನ್ನು ಜಾಗವಿಲ್ಲ.
ಟರ್ಕಿ ಕೋಳಿ ಬೆಂದಿತೇ ಎಂದು ಚುಚ್ಚಿ ನೋಡುವ
ಅಡಿಗೆಮನೆಯ ಥರ್ಮಾಮೀಟರನ್ನು ಕದ್ದು ತಂದು
ದಿನಾ ಹೊಲಕ್ಕೆ ಚುಚ್ಚುತ್ತಾನೆ, ನಾಲ್ಕು ಅಂಗುಲ ಆಳ.
ಐವತ್ತಾದರೆ ಮೆಕ್ಕೆಜೋಳ ಕಣ್ಣು ಬಿಡುತ್ತದಂತೆ.
ಸೋಮವಾರ ನಲವತ್ತೆಂಟು.

ಬುಧವಾರದ ಹಿಮ ಮಾತು ತಪ್ಪಲಿಲ್ಲ.
ಅಡ್ಡಡ್ಡ ಬಿತ್ತು, ನೆಲವೇ ಬೇಡವೆಂಬಂತೆ.
ಕರು ಹಾಕುವ ಕಾಲ; ಹಸುಗಳಿಗೆ
ನನ್ನ ಹಲಗೆ ಓದಲು ಬರುವುದಿಲ್ಲ.
ಎಲ್ನೋರಾಳ ಸ್ನಾನದ ತೊಟ್ಟಿಯಲ್ಲಿ ಎರಡು ಕರು,
ಮೈದುನನ ಪಿಕಪ್ಪಿನ ಸೀಟಿನ ಕೆಳಗೆ ಒಂದು,
ಹೀಟರಿನ ಬಾಯಿಗೆ ಮೂತಿಯಿಟ್ಟು.
ಗೋಧಿಯೊಂದು ಮಾತ್ರ ಬಿಳಿ ಕಂಬಳಿಯೊಳಗೆ
ಸದ್ದಿಲ್ಲದೆ ಕುಡಿಯುತ್ತಿತ್ತು.

ಗುರುವಾರ ಗುಡುಗಲಿಲ್ಲ.
ಆಲಿಕಲ್ಲಿಲ್ಲ, ತುಂತುರಿಲ್ಲ,
ಬಯಲು ಹುಟ್ಟಿದಂದಿನಿಂದ ಬೀಸುತ್ತಿದ್ದ ಗಾಳಿಯೂ ಇಲ್ಲ.
ಕರಗುವ ಹಿಮದಿಂದ ಮಂಜು ಎದ್ದು
ಬೇಲಿ ನುಂಗಿತು, ರೈಲುಹಳಿ ನುಂಗಿತು,
ನೂರಡಿಯ ಗೋದಾಮನ್ನು ಸೊಂಟದವರೆಗೆ ಬಿಟ್ಟಿತು.
ಯಾರೂ ಹೇಳಿರಲಿಲ್ಲ ಇದನ್ನು,
ಆಫೀಸಿನವರೂ, ರೇಡಿಯೋದವರೂ, ಮೊಣಕಾಲು ನೋವೂ.

ಬಂದವರು ಮೂರೇ ಜನ.
ಕಾಫಿ ಹಿಡಿದು ಕಿಟಕಿ ನೋಡಿದರು,
ಹಲಗೆ ನೋಡಿದರು, ಮತ್ತೆ ಕಿಟಕಿ.
ಸರಿಯಾಗಿಯೇ ಬರೆದಿದ್ದೀಯಲ್ಲ, ಎಂದಳು ಎಲ್ನೋರಾ,
ತೋಳಿಗೆ ಕರುವಿನ ವಾಸನೆ.
ಹನ್ನೊಂದು ವರ್ಷದಲ್ಲಿ ಮೊದಲ ಹೊಗಳಿಕೆ,
ಅದೂ ನಾನು ಅಳಿಸಿದ್ದಕ್ಕೆ.

ಶುಕ್ರವಾರ ಗಾಳಿ ವಾಪಸು ಬಂತು, ನಾಯಿ ಮಲಗಿತು.

ಶನಿವಾರ ಮಧ್ಯಾಹ್ನ ಮೈಲೋ ಬಂದ,
ಮೊಣಕಾಲಿಗೆ ದುಂಡನೆಯ ಎರಡು ಮಣ್ಣು,
ಕೈಯಲ್ಲಿ ಟರ್ಕಿಯ ಥರ್ಮಾಮೀಟರು.
ಎಷ್ಟು ಅಂದೆ.
ನಲವತ್ತಾರು, ಅಂದ. ಲೋಟ ತುಂಬಿಸಿಕೊಂಡ.
ಇನ್ನೂ ಬೆಂದಿಲ್ಲ.