ಪುಕ್ಕಟೆ

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನ ಹಿಂದೆ, ಸಂಜೆ ಆರಕ್ಕೆ,
ಹನ್ನೊಂದು ಹಲಗೆ, ಇಪ್ಪತ್ತಾರು ಮಕ್ಕಳು.
ಹಲಗೆ ಸಿಗದವರಿಗೆ ಡಬ್ಬ, ಬಕೆಟ್ಟು, ಸ್ವಂತ ತೊಡೆ.
ದಾರ ಕತ್ತರಿಸಿ ಬಂದ ಬೆರಳುಗಳೆಲ್ಲ ನೀಲಿ.
ಚರ್ಮದ ಮೇಲೂ ಈಗ ನೀಲಿ ಗುರುತು.

ಲೆಕ್ಕ ಬರೆಯುವವಳು ನಾನು.
ಜಮಾ: ಚಹದಂಗಡಿ ಶೇಕ್ಷಾವಲಿ, ವಾರಕ್ಕೆ ನೂರು.
ಜಮಾ: ಹೆಗಲಿಗೆ ಕಟ್ಟಲು ಡೆನಿಮ್ ಚೂರು, ಮೂರು ಕಿಲೋ.
ಜಮಾ: ಹೆಸರು ಬೇಡವೆಂದವಳು, ಐವತ್ತು, ಎಲ್ಲಾ ನಾಣ್ಯ.
ಖರ್ಚು: ಚರ್ಮ, ಚಿಟಿಕೆ ಕಡ್ಡಿ, ಕಾಯಿಸಲು ಹುಲ್ಲು.
ಖರ್ಚು: ಎರ್ರೆಪ್ಪ ಮೇಷ್ಟ್ರು, ತಿಂಗಳಿಗೆ ನಾಲ್ಕು ಸಾವಿರ.

ದೇಣಿಗೆ ಕೊಡಲು ಬಂದ ಸಾಹೇಬರು
ಅಲ್ಲೇ ಬೆರಳಿಟ್ಟರು.
"ಉಚಿತ ಅಂತ ಬೋರ್ಡಿದೆಯಲ್ಲ, ಸಂಬಳ ಯಾಕೆ?
ಕುಲದ ಕಲೆ. ಸೇವೆ ಅಂತ ಮಾಡಬಹುದಲ್ಲ?"

ಎರ್ರೆಪ್ಪ ಹಲಗೆ ಕಾಯಿಸುತ್ತಿದ್ದ.
ತಿರುಗಿ ನೋಡಲಿಲ್ಲ.
"ನಮ್ಮಪ್ಪ ಊರ ಹೆಣಕ್ಕೆಲ್ಲ ಬಡಿದ, ಸಾರ್,
ಮೊರದಾಗೆ ತಂಗಳು ತಂದ.
ಆ ಸೇವೆ ಅವನ ಜೊತೆಗೇ ತೀರೈತೆ.
ಪುಕ್ಕಟೆ ಅನ್ನೋದು ಕಲಿಯೋ ಹುಡ್ರಿಗೆ,
ಕಲಿಸೋನಿಗಲ್ಲ."

ಕಾರು ಹೋಯಿತು.
ಮೇಜಿನ ಮೇಲೆ ಅವರು ಬಿಟ್ಟ ಅರ್ಜಿ, ಹನ್ನೆರಡು ಪುಟ:
ಫಲಾನುಭವಿಗಳ ಸಂಖ್ಯೆ, ನಿರೀಕ್ಷಿತ ಪರಿಣಾಮ,
ಅಳೆಯುವ ವಿಧಾನ.
ಚರ್ಮ ಇನ್ನೂ ಸಡಿಲವಿತ್ತು, ಹುಲ್ಲು ಮುಗಿದಿತ್ತು.
ಒಂದೊಂದೇ ಹಾಳೆ ಬೆಂಕಿಗೆ ಕೊಟ್ಟೆ.
ಎರ್ರೆಪ್ಪ ಬೆರಳ ತುದಿಯಿಂದ ಮೀಟಿ, ಕಿವಿಗೊಟ್ಟು,
ಹ್ಞೂಂ ಅಂದ.

ರಾತ್ರಿ ಪುಸ್ತಕ ತೆರೆದು ಬರೆದೆ:
ಜಮಾ, ಕಾಯಿಸಲು ಕಾಗದ, ಹನ್ನೆರಡು ಹಾಳೆ.
ಬರೆದು ನಕ್ಕೆ. ಆಮೇಲೆ ಕೂಡಿಸಿ ನೋಡಿದೆ,
ಮೇಷ್ಟ್ರಿಗೆ ಇನ್ನೂ ಸಾವಿರದ ಏಳ್ನೂರು ಬೇಕು,
ಒಂದನೇ ತಾರೀಖಿಗೆ ನಾಲ್ಕೇ ದಿನ.

ಪಕ್ಕದ ಮನೆಯ ಗೋಡೆಯಾಚೆ ಹೊನ್ನೂರಬಿ
ನಿದ್ದೆ ಬಾರದೆ ತಗಡಿನ ಬಾಗಿಲ ಮೇಲೆ
ಇವತ್ತಿನ ಪಾಠ ಬಡಿಯುತ್ತಾಳೆ,
ಮೂರನೇ ಪೆಟ್ಟಿಗೆ ತಪ್ಪುತ್ತಾಳೆ,
ಮತ್ತೆ ಮೊದಲಿಂದ.